ಬೇವಿನ ತೋರಣ ಕಟ್ಟಿದ ಟಿವಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಕಾಕಾ ಹೇಳುತ್ತಾನೆ, ಅವನ ಬಾಯಲ್ಲಿ ನನ್ನ ಪಾತ್ರ ಇನ್ನೂ ಕೆಟ್ಟದಾಗಿರುತ್ತದೆ. ಐದನೆಯ ತರಗತಿಯಲ್ಲಿದ್ದಾಗ, ಮೈತುಂಬ ನೀರುಗುಳ್ಳೆ ಎದ್ದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ನಾನು, ದೇವಿಯ ದನಿ ತೆಗೆದು ಟಿವಿ ಬೇಡಿದೆ. ಬೇಡಿದ್ದು ಸಿಕ್ಕಿತು. ಕಾರ್ಟೂನಿನ ಆಸೆಗೆ ಆಡಿದ ಆ ಮಾತಿನಿಂದ ನನ್ನನ್ನೂ ಕಟ್ಟಿಹಾಕಿಕೊಂಡೆ, ಮನೆಮಂದಿಯನ್ನೂ ಕಟ್ಟಿಹಾಕಿದೆ. ಎಲ್ಲರಿಗಿಂತ ಬಿಗಿಯಾಗಿ ಕಟ್ಟಿಹಾಕಿದ್ದು ಅಕ್ಕ ಗಿರಿಜಾಳನ್ನು.

ಗಂಗಾವತಿಯ ನಮ್ಮ ಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಜೋಡಿಸಿದ ಕೋಣೆಗಳದ್ದು: ಮುಂದೆ ಪಡಸಾಲೆ, ಹಗಲಲ್ಲೂ ದೀಪ ಬೇಡುವ ನಡುಮನೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಓಣಿಯ ಕಡೆಗೆ ಸರಳು ಹಾಕಿದ ಒಂದೇ ಕಿಟಕಿ. ಅಪ್ಪ ಕುಷ್ಟಗಿಯಲ್ಲಿ ಬಸ್ ಕಂಡಕ್ಟರ್. ರಜೆ ಸಿಕ್ಕಾಗ ಬಂದು, ಊಟ ಮಾಡಿ, ಮಲಗಿ, ಮತ್ತೆ ಹೋಗುವವನು. ಮನೆಯ ಕಾರಭಾರ ಆಯಿಯದು, ಅಂದರೆ ಅಪ್ಪನ ಅವ್ವನದು. ಅಪ್ಪನ ತಮ್ಮ ಕಾಕಾ ಪಡಸಾಲೆಯಲ್ಲಿ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದ. ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದರೆ ಅದನ್ನೂ ಇಂಗ್ಲಿಷಿನಲ್ಲೇ ಹೇಳುತ್ತಿದ್ದ. ಅವ್ವ ಅಡುಗೆಮನೆಯಲ್ಲಿ. ಅಕ್ಕ ಎಲ್ಲಿ ಬೆಳಕಿತ್ತೋ ಅಲ್ಲಿ, ಮೊಣಕಾಲ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಇಟ್ಟುಕೊಂಡು ಚಿತ್ರ ತೆಗೆಯುತ್ತ. ನಾನು ಎಲ್ಲ ಕೋಣೆಗಳಲ್ಲೂ, ಎಲ್ಲರ ದನಿಯನ್ನೂ ಕದಿಯುತ್ತ. ಅಪ್ಪನ ದನಿಯಲ್ಲಿ ‘ಮುಂದ ಸರೀರಿ, ಮುಂದ ಸರೀರಿ’ ಅಂದರೆ ಅಡುಗೆಮನೆಯಲ್ಲಿ ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ನಮ್ಮ ಕಡೆ ಆ ಬೇನೆಗೆ ಬೇನೆ ಅನ್ನುವುದಿಲ್ಲ. ‘ಅಮ್ಮ ಬಂದಾಳ’ ಅನ್ನುತ್ತಾರೆ. ಬಂದವಳು ಹುಡುಗನ ಮೈಮೇಲೆ ಇಳಿದುಕೊಂಡಿರುತ್ತಾಳೆ. ಅವಳಿರುವಷ್ಟು ದಿನ ಆ ಹುಡುಗನನ್ನು ಬೈಯುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ಹಾಗೂ ಇಲ್ಲ. ಬಾಗಿಲಿಗೆ ಬೇವಿನ ತೋರಣ ಬಿದ್ದರೆ ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಒಗ್ಗರಣೆಯ ಸದ್ದು ಅವಳಿಗಾಗದು, ಹಾಗಾಗಿ ನುಚ್ಚು ಮಜ್ಜಿಗೆ, ಮೊಸರನ್ನ, ಮತ್ತೆ ನುಚ್ಚು ಮಜ್ಜಿಗೆ. ಮಿರ್ಚಿ ಮಂಡಕ್ಕಿ ಇಲ್ಲದೆ ಸಂಜೆಯನ್ನೇ ಒಪ್ಪದ ಕಾಕಾ ಮೊಸರನ್ನದ ತಾಟನ್ನು ಸತ್ತವರ ಫೋಟೋ ನೋಡಿದಂತೆ ನೋಡುತ್ತಿದ್ದ. ಹಾಲು ಮೊಸರು ಪಕ್ಕದ ಮನೆಯ ಮೈಬುವಿನ ಅವ್ವ ಕಟ್ಟೆಯ ಮೇಲಿಟ್ಟು ಕೂಗಿ ಹೋಗುತ್ತಿದ್ದಳು. ಅಪ್ಪನಿಗೆ ಕುಷ್ಟಗಿಯಲ್ಲೇ ಇರು ಎಂದು ಹೇಳಿ ಕಳಿಸಿದ್ದಾಯಿತು. ಗುಳ್ಳೆ ಬಾಡಿ ಹೊಪ್ಪಳಿಕೆ ಉದುರಿದ ಮೇಲೆ ಒಂದು ಮಂಗಳವಾರ ಬೇವಿನ ನೀರು ಕಾಸಿ ತಲೆಯ ಮೇಲೆ ಹಾಕಬೇಕು. ಅದಕ್ಕೆ ನಾವು ನೀರು ಹಾಕುವುದು ಅನ್ನುತ್ತೇವೆ. ನೀರು ಬೀಳುವವರೆಗೆ ಹೊಸ್ತಿಲು ದಾಟಿ ಯಾರೂ ಯಾವ ಒಳ್ಳೆಯ ಕೆಲಸಕ್ಕೂ ಹೋಗುವಂತಿಲ್ಲ.

ಅಕ್ಕನಿಗೆ ಒಳ್ಳೆಯ ಕೆಲಸವೊಂದು ಕಾದಿತ್ತು. ಕೊಪ್ಪಳದಲ್ಲಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆ, ಬುಧವಾರ. ಅದು ಪಾಸಾದರೆ ಡ್ರಾಯಿಂಗ್ ಟೀಚರ್ ಕೋರ್ಸಿಗೆ ಅರ್ಜಿ. ನವಲಿಯಿಂದ ಗದ್ದೆಯಿರುವ ಮನೆತನದವರು ಹುಡುಗಿಯನ್ನು ಕೇಳಿ ಹೋಗಿದ್ದರು. ಅಪ್ಪ ಒಂದು ವರ್ಷ ತಡೆಯಿರಿ ಎಂದಿದ್ದ. ಆ ವರ್ಷದ ಪರೀಕ್ಷೆ ಅದೊಂದೇ. ಅದರ ಹಿಂದಿನ ದಿನವೇ ಮಂಗಳವಾರ. ಆಯಿ ನನ್ನ ಗುಳ್ಳೆಗಳನ್ನು ನೋಡಿ, ಆ ಮಂಗಳವಾರಕ್ಕೆ ಸರಿಯಾಗುತ್ತದೆ ಬಿಡು ಅಂದಾಗ ಅಕ್ಕ ನನ್ನ ಅಂಗಾಲಿಗೆ ಬೇವಿನ ಟೊಂಗೆಯಿಂದ ಗಾಳಿ ಹಾಕಿದ್ದಳು. ಅದಕ್ಕೂ ಮುಂಚೆ ನನಗೆ ಅವಳು ಗಾಳಿ ಹಾಕಿದ್ದು ನೆನಪಿಲ್ಲ.

ಟಿವಿಯ ವಿಷಯ. ನನ್ನ ಅರ್ಧವಾರ್ಷಿಕ ಅಂಕ ನೋಡಿ ಕಾಕಾ ಕೇಬಲ್ ವೈರು ಕಿತ್ತಿದ್ದ. ಸಂಜೆ ಹೊತ್ತಿಗೆ ಹಿಂದಿಯಲ್ಲಿ ಬರುತ್ತಿದ್ದ ಜಪಾನಿನ ಕಾರ್ಟೂನಿನಲ್ಲಿ ಒಬ್ಬ ಬಡಕಲು ಹುಡುಗ ಕೋಲು ಹಿಡಿದು ಕಾಳಗಕ್ಕೆ ಇಳಿದು ಪ್ರತಿ ಸಲ ಸೋಲುತ್ತಿದ್ದ. ದೊಡ್ಡ ಪಂದ್ಯ ಹತ್ತಿರ ಬಂದಾಗಲೇ ಕಾಕಾನ ಕತ್ತರಿ ಬಿತ್ತು. ಬೇವಿನ ಹಾಸಿಗೆಯ ಮೇಲೆ ಬಿದ್ದುಕೊಂಡು ನನಗೆ ತುರಿಕೆಗಿಂತ ಆ ಹುಡುಗನ ಚಿಂತೆಯೇ ಹೆಚ್ಚಾಗಿತ್ತು. ಹೇಮಗುಡ್ಡದ ಗುಡಿಗೆ ಹೋದಾಗ ಮೈಮೇಲೆ ಬಂದ ಮುದುಕಿಯೊಬ್ಬಳು ಮೂಗಿನಲ್ಲೂ ಗಂಟಲಲ್ಲೂ ಒಟ್ಟಿಗೆ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದೆ. ಒಂದು ಮಧ್ಯಾಹ್ನ ಆ ದನಿ ತೆಗೆದೆ.

“ಹ್ಞೂಂ... ನನ್ನ ಕೂಸಿಗೆ ಬ್ಯಾಸರಾಗೈತಿ...”

ಆಯಿ ಕೈಮುಗಿದು ಓಡಿ ಬಂದಳು. “ಅಪ್ಪಣಿ ಆಗಲಿ ತಾಯಿ. ಏನ ಕೊಡಬೇಕು?”

“ಟಿವಿ ಹಚ್ಚರಿ. ಸಂಜಿಕ ಬರೋ ಜಪಾನಿನ ಹುಡುಗನ್ನ ತೋರಸ್ರಿ.”

ಕಾಕಾ ನಡುಮನೆಯ ಬಾಗಿಲಲ್ಲಿ ನಿಂತು ನನ್ನನ್ನು ದಿಟ್ಟಿಸಿದ. “ಯವ್ವಾ, ಇಂವ ನಾಟಕ ಮಾಡಾಕತ್ಯಾನ. ಹೇಮಗುಡ್ಡದ ದುರ್ಗವ್ವಗ ಜಪಾನ್ ಎಲ್ಲಿ ಗೊತ್ತ?”

“ಮೂರು ಲೋಕಾನೂ ಆಕೀವು. ಜಪಾನ್ ಅದರಾಗ ಬರಂಗಿಲ್ಲೇನು? ಹೋಗ, ವೈರ್ ಕೂಡಸ,” ಅಂದಳು ಆಯಿ.

ಕಿತ್ತವನೇ ಮಾಳಿಗೆ ಹತ್ತಿ ಕೂಡಿಸಿದ. ಆಯಿ ಟಿವಿಯ ನೆತ್ತಿಗೆ ಬೇವಿನ ತೋರಣ ಕಟ್ಟಿ, ಕುಂಕುಮ ಹಚ್ಚಿ, ಒಂದೇ ಷರತ್ತು ಹಾಕಿದಳು: ಗದ್ದಲಕ್ಕೆ ಅಮ್ಮ ಮುನಿಯುತ್ತಾಳೆ, ಆದ್ದರಿಂದ ದನಿ ಪೂರ್ತಿ ಬಂದ್. ಹೀಗೆ ಮೂಕ ಜಪಾನೀಯರು ನಮ್ಮ ಪಡಸಾಲೆಗೆ ಬಂದರು. ಅವರಿಗೆ ಬಾಯಿ ಕೊಡುವ ಕೆಲಸ ನನಗೆ ಬಿತ್ತು. ಹುಡುಗನಿಗೆ ಚಂದ್ರ್ಯಾ ಎಂದು ಹೆಸರಿಟ್ಟೆ. ಕೋಲು ಕಲಿಸುವ ಬೋಳು ತಲೆಯ ಮುದುಕ ಗರಡಿಯ ಉಸ್ತಾದ್ ಆದ. ಅವನನ್ನು ಸೋಲಿಸುತ್ತಿದ್ದ ದಪ್ಪ ಹುಡುಗನಿಗೆ ಸಿಂಧನೂರ ಪೈಲ್ವಾನ ಎಂದೆ, ಯಾಕೆಂದರೆ ನಮ್ಮ ಓಣಿಯಲ್ಲಿ ಯಾರಿಗೂ ಸಿಂಧನೂರಿನ ನೆಂಟರಿರಲಿಲ್ಲ. ಹಿಂದಿಯಲ್ಲಿ ಅವರು ನಿಜವಾಗಿ ಏನು ಹೇಳುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ಆದರೆ ಒಂದು ಗುಟ್ಟು ಮೊದಲ ದಿನವೇ ಸಿಕ್ಕಿತು: ಆ ಚಿತ್ರದ ಜನಕ್ಕೆ ಮಾತಾಡುವಾಗ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಜಪಾನಿ ತುಂಬು, ಹಿಂದಿ ತುಂಬು, ಗಂಗಾವತಿಯ ಬೈಗುಳ ತುಂಬು, ಎಲ್ಲವೂ ಅವರದೇ ಮಾತಿನ ಹಾಗೆ ಕೂಡುತ್ತದೆ.

ಕಾಕಾನಿಗೆ ಇದು ಅವಮಾನ. ನಡುಮನೆಯಲ್ಲಿ ಅವನದೊಂದು ಟ್ರಂಕು ಇತ್ತು. ಹೊಸಪೇಟೆಯ ಹಳೆ ಪುಸ್ತಕದ ಅಂಗಡಿಯಿಂದ ಕಟ್ಟುಗಟ್ಟಲೆ ತಂದ ಇಂಗ್ಲಿಷ್ ಕಾಮಿಕ್ಸ್ ಅದರಲ್ಲಿ ಡಾಂಬರು ಗುಳಿಗೆಯ ನಡುವೆ ಮಲಗಿದ್ದವು. ಬೆನ್ನಿಗೆ ವಸ್ತ್ರ ಕಟ್ಟಿಕೊಂಡು ಕಟ್ಟಡಗಳ ಮೇಲೆ ಹಾರುವ, ಗದ್ದ ಚೌಕಾಕಾರದ, ತೋಳು ತೊಡೆಯಷ್ಟು ದಪ್ಪದ ಗಂಡಸರು. ಕೈ ತೊಳೆದು ಬಂದರೆ ಮಾತ್ರ ತೋರಿಸುತ್ತಿದ್ದ. ತೋರಿಸಿದರೂ ಹಾಳೆ ಅವನೇ ಮಗುಚುತ್ತಿದ್ದ. ಅಮ್ಮ ಮನೆಯಲ್ಲಿದ್ದಾಗ ಟ್ಯೂಷನ್ ನಿಂತು, ಅವನಿಗೆ ಹೊತ್ತು ಹೋಗದಾಯಿತು. ಒಂದು ದಿನ ಕಾರ್ಟೂನ್ ಶುರುವಾಗುವ ಮುಂಚೆ ಒಂದು ಪುಸ್ತಕ ತಂದು ಆಯಿಯ ಮುಂದೆ ಬಿಡಿಸಿ ಕೂತ.

“ಯವ್ವಾ, ಇದನ್ನ ನೋಡ. ಇದು ಖರೇ ಕಾಮಿಕ್ಸ್. ಇಂವ ಊರಿಗೆ ಊರ ಉಳಸ್ತಾನ.”

ಆಯಿ ಕನ್ನಡಕ ಏರಿಸಿ ನೋಡಿದಳು. “ಇಂವಗ ಅವ್ವ ಅಪ್ಪ ಅದಾರೇನು?”

“ಇಲ್ಲ. ಸಣ್ಣಂವ ಇದ್ದಾಗ ಸತ್ತಾರ.”

“ಹೇಣ್ತಿ?”

“ಇಲ್ಲ.”

“ಊಟಕ್ಕ ಯಾವಾಗ ಕುಂದರ್ತಾನ?”

ಕಾಕಾ ಹಾಳೆ ಮಗುಚಿದ, ಮತ್ತೆ ಮಗುಚಿದ. ಆ ಮನುಷ್ಯ ಪುಸ್ತಕದ ಕೊನೆಯವರೆಗೂ ಊಟಕ್ಕೆ ಕೂರಲಿಲ್ಲ.

“ಹೋಗಲಿ, ಮುಂದ ಏನಾತು?”

“ಮುಂದಿನ ಪುಸ್ತಕ ನನ್ನ ಹತ್ರ ಇಲ್ಲ. ಇದಕ್ಕಿಂತ ಹಿಂದಿಂದು ಐತಿ.”

“ಅದರಾಗ?”

“ಅದರಾಗೂ ಊರ ಉಳಸ್ತಾನ.”

“ಹಂಗಾದ್ರ ಇಂವ ಊರಿನ ತಳವಾರ,” ಅಂದಳು ಆಯಿ. “ನಮ್ಮ ಚಂದ್ರ್ಯಾ ನೋಡ, ಚಪ್ಪಲಿ ಹೊರಗ ಬಿಟ್ಟು ಒಳಗ ಬರ್ತಾನ. ನೆಲದ ಮ್ಯಾಲ ಕುಂತು ಅನ್ನ ಉಣ್ತಾನ. ಅವರ ಆಯಿ ಬುತ್ತಿ ಕಟ್ಟತಾಳ. ಸೋತಾಗ ಗ್ವಾಡಿಗೆ ಮಾರಿ ಮಾಡಿ ಅಳ್ತಾನ. ಹ್ವಾದ ವಾರಕ್ಕಿಂತ ಈ ವಾರ ಒಂದ ಪೆಟ್ಟ ಹೆಚ್ಚಿಗಿ ಕಲ್ತಾನ. ನಿನ್ನ ತಳವಾರ ಏನ ಕಲ್ತಾನ?”

ಈಗ ನಾನು ಶಾಲೆಗಳ ವಾರ್ಷಿಕ ಗ್ಯಾದರಿಂಗಿನಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುತ್ತೇನೆ. ಯಲಬುರ್ಗಾ, ಕುಕನೂರು, ಎಲ್ಲಿ ಹೋದರೂ ಸಿನಿಮಾ ನಟರ ದನಿ ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಹುಡುಗರು ಜಪಾನಿನ ಕಾರ್ಟೂನಿನ ದನಿ ಮಾಡಿ ಎಂದು ಕೂಗುತ್ತಾರೆ. ಹೆಸರುಗಳೆಲ್ಲ ಬಾಯಿಪಾಠ. ಹೊಲ ಕಾಯುತ್ತ ಮೊಬೈಲಿನಲ್ಲಿ ಜಪಾನಿ ಚಿತ್ರಕಥೆ ಓದುವ ಹುಡುಗಿಯರನ್ನು ಕಂಡಿದ್ದೇನೆ. ಬೆನ್ನಿಗೆ ವಸ್ತ್ರ ಕಟ್ಟಿದವನ ದನಿಯನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಹೀಗ್ಯಾಕೆ ಆಯಿತೆಂದು ಹೆಡ್‌ಮಾಸ್ತರರು ನನ್ನನ್ನೇ ಕೇಳುತ್ತಾರೆ, ಗ್ರಾಫಿಕ್ಸು, ಇಂಟರ್‌ನೆಟ್ಟು ಎಂದು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. ಅದೂ ಇದ್ದೀತು. ಪುಕ್ಕಟೆ ಸಿಗುವುದಕ್ಕೂ ಟ್ರಂಕಿನಲ್ಲಿ ಬೀಗ ಹಾಕಿದ್ದಕ್ಕೂ ವ್ಯತ್ಯಾಸವಿದ್ದೇ ಇದೆ. ಆದರೆ ನನ್ನ ತಲೆಯಲ್ಲಿ ಆಯಿಯ ಪ್ರಶ್ನೆಗಳೇ ಕೂತಿವೆ. ಒಂದು ಕಡೆ ಎಂದೂ ದೊಡ್ಡವನಾಗದ, ಎಲ್ಲಿಂದ ಶುರುವಾದನೋ ಗೊತ್ತಾಗದ, ಮೊದಲೇ ಗೆದ್ದುಬಿಟ್ಟ ಗಂಡಸು. ಇನ್ನೊಂದು ಕಡೆ ಉಸ್ತಾದನಿಗೆ ಹೆದರುವ, ಸೋಲುವ, ಹಸಿಯುವ ಹುಡುಗ. ಐದನೆಯ ತರಗತಿಯವನು ಯಾರ ಪಕ್ಕ ಕೂರುತ್ತಾನೆ?

ಕಾಕಾನ ಟ್ರಂಕಿನಲ್ಲಿ ಒಂದು ಜಪಾನಿ ಪುಸ್ತಕವೂ ಇತ್ತು. ಅದು ಜಪಾನಿಯದೆಂದು ಅವನಿಗೇ ಗೊತ್ತಿರಲಿಲ್ಲ. ಕಟ್ಟಿನೊಳಗೆ ಬಂದಿದ್ದು. ಇಂಗ್ಲಿಷಿಗೆ ತಂದಿದ್ದರು, ಆದರೆ ಮೊದಲ ಹಾಳೆಯಲ್ಲೇ ಕಥೆ ಮುಗಿದಿತ್ತು, ಬೈಂಡಿಂಗ್ ತಪ್ಪಿದ ಮಾಲು ತಲೆಗೆ ಕಟ್ಟಿದರು ಎಂದು ಕಾಕಾ ಅಂಗಡಿಯವನನ್ನು ಬೈದು, ಟ್ರಂಕಿನ ತಳಕ್ಕೆ ಹಾಸಲು ಬಳಸಿದ್ದ. ಅಮ್ಮ ಮನೆಯಲ್ಲಿದ್ದಾಗಲೇ ಒಂದು ದಿನ ಅಕ್ಕ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಮುಖಗಳನ್ನು ನೋಡುತ್ತಿದ್ದಳು. ಸರಳಿನಾಚೆ ಮೈಬು ಬಂದು ನಿಂತ. ನನ್ನ ವಾರಿಗೆಯವನು, ಒಳಗೆ ಬರುವಂತಿಲ್ಲದ್ದಕ್ಕೆ ದಿನಾ ಅಲ್ಲೇ ನಿಂತು ನನ್ನ ಗುಳ್ಳೆಗಳ ಕ್ಷೇಮ ವಿಚಾರಿಸುತ್ತಿದ್ದ.

“ಅಕ್ಕಾ, ಹಿಂದಿಂದ ಹಿಡಿ. ನಮ್ಮ ಉರ್ದು ಕಿತಾಬ್ ಇದ್ದಂಗ. ಬಲಗಡಿಯಿಂದ ಓದ್ಕೊಂತ ಬಾ.”

ಅಕ್ಕ ಹಿಂದಿನಿಂದ ಹಿಡಿದಳು. ಕಥೆ ಕಾಲ ಮೇಲೆ ನಿಂತಿತು. ಅವಳು ಅದನ್ನು ಓದಿದಳು ಎನ್ನುವುದಕ್ಕಿಂತ ಬಿಚ್ಚಿ ನೋಡಿದಳು ಅನ್ನಬೇಕು: ಒಂದು ಹಾಳೆಯಲ್ಲಿ ಬರೀ ಕಣ್ಣು, ಮುಂದಿನದರಲ್ಲಿ ಬರೀ ಮಳೆ, ಆಮೇಲೆ ಖಾಲಿ ಬಾಗಿಲು; ಒಂದು ಮಾತಿಲ್ಲದೆಯೂ ಕಥೆ ನಡೆಯುತ್ತಿತ್ತು. ಆಮೇಲೆ ಕ್ಯಾಲೆಂಡರಿನ ಬೆನ್ನ ಮೇಲೆ ನಮ್ಮ ಮನೆಯೇ ಬರತೊಡಗಿತು. ಮೊಸರನ್ನದ ಮುಂದೆ ಕೂತ ಕಾಕಾ. ಕಿಟಕಿಯ ಸರಳು. ಬೇವಿನ ತೋರಣದ ಕೆಳಗೆ ಹೊಳೆಯುವ ಟಿವಿ. ಇವತ್ತಿಗೂ ನನಗೆ ಆ ದಿನಗಳ ನೆನಪು ಅವಳ ಪೆನ್ಸಿಲಿನ ಬಣ್ಣದಲ್ಲೇ ಇದೆ.

ಇಷ್ಟೆಲ್ಲ ನಡೆಯುತ್ತಿದ್ದರೂ ನನ್ನ ಗತಿ ಕೆಟ್ಟಿತ್ತು. ಚೇಷ್ಟೆ ಮಾಡುವವನಿಗೆ ಎದುರಿನವರು ತಿರುಗಿ ಬೈಯಬೇಕು. ಕಾಕಾನ ಮುಖದ ಮುಂದೆಯೇ ಅವನ ಇಂಗ್ಲಿಷನ್ನು ಅಣಕಿಸಿದೆ. ಅವನು ಹಲ್ಲು ಕಚ್ಚಿ ‘ತಾಯಿ ಕೃಪಾ’ ಅಂದ. ಅಕ್ಕನ ಜಡೆ ಎಳೆದೆ, ಕೈಮುಗಿದಳು. ಗೋಡೆಗೆ ಚೆಂಡೆಸೆದರೆ ಗೋಡೆಯಾದರೂ ತಿರುಗಿ ಕೊಡುತ್ತದೆ. ನನಗೆ ನನ್ನ ಹೆಸರೇ ಕೇಳಿಸುತ್ತಿರಲಿಲ್ಲ. ಓಣಿಯಲ್ಲಿ ಹುಡುಗರ ಕ್ರಿಕೆಟ್ಟಿನ ಗದ್ದಲ, ಒಳಗೆ ಊದುಬತ್ತಿಯ ಹೊಗೆ. ಟಿವಿಯ ಮುಂದೆ ಗಂಟಲು ಒಣಗಿದರೂ ಬಿಡುವಂತಿರಲಿಲ್ಲ. ಕರೆಂಟು ಹೋದರೆ ಆಯಿ ಕತ್ತಲಲ್ಲೇ ‘ಮುಂದ ಹೇಳು ತಾಯಿ’ ಅನ್ನುತ್ತಿದ್ದಳು. ಖಾಲಿ ಗಾಜಿನ ಮುಂದೆ ಕೂತು ಚಂದ್ರ್ಯಾನನ್ನು ಮುಂದುವರಿಸುತ್ತಿದ್ದೆ. ದೇವರಿಗೆ ರಜೆ ಇರುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಸೋಮವಾರ ಬಂತು. ಹೊಪ್ಪಳಿಕೆ ಉದುರಿತ್ತು. ಅಕ್ಕ ಬಣ್ಣದ ಪೆಟ್ಟಿಗೆ, ಬ್ರಷ್ಷು, ಹಾಲ್‌ಟಿಕೆಟ್ಟು ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದ್ದಳು. ನೀರು ಹಾಕುವ ಮುಂಚೆ ಅಮ್ಮನನ್ನೇ ಒಂದು ಮಾತು ಕೇಳುವುದು ಪದ್ಧತಿ. ಮಲಗಿದ ಮಗು ತಲೆಯಾಡಿಸಿದರೆ ಆಯಿತು. ಆಯಿ ದೀಪ ಹಚ್ಚಿಕೊಂಡು ಬಂದಳು. ಅವಳ ಹಿಂದೆ ನಿಂತಿದ್ದ ಕಾಕಾ, ನನಗಷ್ಟೇ ಕಾಣುವ ಹಾಗೆ, ಎರಡು ಬೆರಳು ಕತ್ತರಿ ಮಾಡಿ ವೈರು ಕತ್ತರಿಸುವ ಸನ್ನೆ ಮಾಡಿದ.

“ತಾಯಿ, ನಾಳಿ ನೀರ ಹಾಕಲೇನು?”

ಚಂದ್ರ್ಯಾನಿಗೂ ಸಿಂಧನೂರ ಪೈಲ್ವಾನನಿಗೂ ದೊಡ್ಡ ಪಂದ್ಯ ಹಿಂದಿನ ಸಂಜೆಯಷ್ಟೇ ಶುರುವಾಗಿತ್ತು. ಕಾಕಾನ ಬೆರಳುಗಳು ಇನ್ನೂ ಆಡುತ್ತಿದ್ದವು. ನನ್ನ ಬಾಯಿಂದ ಆ ಮೂಗು ದನಿ ತಾನೇ ಬಂತು.

“ಮುಂದಿನ ಮಂಗಳವಾರ.”

ಅಕ್ಕ ಚೀಲವನ್ನು ಗೂಟದಿಂದ ಇಳಿಸಿದಳು, ಬಣ್ಣದ ಪೆಟ್ಟಿಗೆಯನ್ನು ಹೊರತೆಗೆದು ಗೋಡೆಯ ಮಾಡದಲ್ಲಿಟ್ಟಳು, ಹಾಲ್‌ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿದಳು. ಅವ್ವ ಅಡುಗೆಮನೆಯಿಂದ ಬಂದು, “ಅತ್ತೀ, ಹುಡುಗಿ ಪರೀಕ್ಷಾ...” ಎಂದು ಶುರುಮಾಡಿ, ಆಯಿಯ ಮುಖ ನೋಡಿ, ಸೆರಗು ಬಾಯಿಗೊತ್ತಿಕೊಂಡಳು. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ, ಬೈಯುವಂತಿರಲಿಲ್ಲವಲ್ಲ. ಆಮೇಲೆ ಅವಳು ಚಿತ್ರ ತೆಗೆಯಲೇ ಇಲ್ಲ. ಕಿಟಕಿಯ ಹತ್ತಿರ ಬರಿಗೈಯಲ್ಲಿ ಕೂತಳು.

ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ಆಗಲೇ ಅನಿಸಿತು. ಆದರೆ ಹೇಗೆ? ಅಮ್ಮ ಒಮ್ಮೆ ಆಡಿದ ಮಾತು ಬದಲಿಸುತ್ತಾಳೆಯೇ? ಬದಲಿಸಿದರೆ ಅವಳು ಅಮ್ಮನಲ್ಲ, ನಾನು. ಆಡಿದವನು ನಾನೇ ಎಂದರೆ ಟಿವಿ ಬೇಡಿದ್ದು, ಜಡೆ ಎಳೆದದ್ದು ಎಲ್ಲ ಬಯಲಾಗುತ್ತದೆ. ಪೆಟ್ಟಿನದು ಹೋಗಲಿ, ಇಷ್ಟು ದಿನ ಕೈಮುಗಿದು ನಿಂತ ಆಯಿಯ ಮುಖವನ್ನು ನಾನು ಹೇಗೆ ನೋಡಲಿ? ಮಧ್ಯಾಹ್ನವೆಲ್ಲ ಜಂತಿ ಎಣಿಸುವವನ ಹಾಗೆ ಸೂರು ನೋಡುತ್ತ ಬಿದ್ದಿದ್ದೆ. ಸಂಜೆಯ ಹೊತ್ತಿಗೆ ದಾರಿ ಹೊಳೆಯಿತು. ಅಮ್ಮ ಮಾತು ಬದಲಿಸುವಂತಿಲ್ಲ ನಿಜ. ಉಸ್ತಾದ್ ಬುದ್ಧಿ ಹೇಳಬಹುದಲ್ಲ? ಆಯಿಗೆ ಆ ಬೋಳು ತಲೆಯ ಮುದುಕನ ಮೇಲೆ ಅಪಾರ ಗೌರವ. ಅವನು ಬಂದಾಗೆಲ್ಲ ಕಾಲು ಮಡಚಿ ಕೂರುತ್ತಿದ್ದಳು.

ಟಿವಿ ಹೊತ್ತಿತು. ಎಲ್ಲರೂ ಕೂತರು, ಅಕ್ಕನೂ, ಬೆನ್ನು ಅರ್ಧ ಈ ಕಡೆ ಮಾಡಿ. ಚಂದ್ರ್ಯಾ ಏಟು ತಿಂದು ಮರದ ಬುಡಕ್ಕೆ ಒರಗಿದ್ದ, ಉಸ್ತಾದ್ ಬಂದು ಪಕ್ಕದಲ್ಲಿ ಕೂತ. ಇದೇ ಹೊತ್ತು ಎಂದುಕೊಂಡು ನಾನು ಪರದೆ ಬಿಟ್ಟು ಆಯಿಯ ಮುಖದ ಮೇಲೆ ಕಣ್ಣಿಟ್ಟೆ, ಮಾತು ನಾಟುತ್ತದೋ ಇಲ್ಲವೋ ನೋಡಲು. ಗಂಟಲನ್ನು ಹೊಗೆಸೊಪ್ಪು ತಿಂದವರ ಹಾಗೆ ಒರಟು ಮಾಡಿಕೊಂಡೆ.

“ಲೇ ಚಂದ್ರ್ಯಾ, ನಿನ್ನ ಕಾಳಗ ಹಾಳಾಗಿ ಹೋಗಲಿ. ಒಂದ ಮಾತ ಕೇಳ. ಪರೀಕ್ಷಾಕ ಹೊಂಟ ಹೆಣ್ಣಮಗಳನ್ನ ಯಾರೂ ತಡಿಬಾರದು. ದೇವಿ ಆದ್ರೂ ತಡಿಬಾರದು. ಮುಂದಿನ ವಾರ ಅಂದಿದ್ದು ಆಕಿ ಬಾಯಿ ತಪ್ಪಿ ಅಂದಿರಬೇಕು. ಮನಸಿನ್ಯಾಗ ನಾಳೀನ ಐತಿ. ನಾಳೀನ ನೀರ ಹಾಕಿಸಿಕೊಂಡ ಹೋಗ್ತಾಳ ನೋಡ.”

ಕಾಕಾ ಮೂಗಿನಲ್ಲಿ ಏನೋ ಸದ್ದು ಮಾಡಿದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಹೆಗಲು ಕುಣಿಯುತ್ತಿತ್ತು. ಅಕ್ಕ ಪೂರ್ತಿ ಈ ಕಡೆ ತಿರುಗಿದ್ದಳು. ನಾನು ಪರದೆಯ ಕಡೆ ನೋಡಿದೆ. ಉಸ್ತಾದ್ ಇರಲಿಲ್ಲ, ಚಂದ್ರ್ಯಾ ಇರಲಿಲ್ಲ, ಮರವೂ ಇರಲಿಲ್ಲ. ಯಾವಾಗಲೋ ಜಾಹೀರಾತು ಬಂದುಬಿಟ್ಟಿತ್ತು. ಕುತ್ತಿಗೆಯವರೆಗೆ ನೊರೆಯಲ್ಲಿ ಕೂತ ಚೆಲುವೆಯೊಬ್ಬಳು ಅಂಗೈಯಲ್ಲಿ ಸಾಬೂನು ಹಿಡಿದು ನಗುತ್ತ ತುಟಿ ಆಡಿಸುತ್ತಿದ್ದಳು. ನನ್ನ ಉಸ್ತಾದನ ಗೊಗ್ಗರು ಬುದ್ಧಿವಾದವೆಲ್ಲ ಅವಳ ಬಾಯಿಂದಲೇ ಬಂದಿತ್ತು.

ಆಯಿ ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದಳು.

“ಬಸ್ಯಾ, ತಾಯಿ ಮುಂದಿನ ವಾರ ಅಂದ್ಳು, ಈ ಸಾಬೂನಿನಾಕಿ ನಾಳಿ ಅಂತಾಳ. ಮೈ ತೊಳಿಯೋ ವಿಷಯದಾಗ ನಾ ಸಾಬೂನಿನಾಕಿ ಮಾತ ಕೇಳ್ತೀನಿ. ಗಿರಿಜಾ, ಚೀಲಾ ತುಂಬ.”